ಒಪ್ಪಿಸಿಕೊಂಡವಳ ತಪ್ಪೊಪ್ಪಿಗೆ

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳುವುದಕ್ಕೂ ಒಂದು ವಯಸ್ಸಿದೆ. ಮೂರರಿಂದ ಆರು ವರ್ಷದೊಳಗೆ ಹೇಳಿದರೆ ಮನೆಯವರೆಲ್ಲ ನಕ್ಕು ಎತ್ತಿ ಮುದ್ದಾಡುತ್ತಾರೆ. ಆ ವಯಸ್ಸು ದಾಟಿತೋ, ಆ ಮಾತು ಗಂಟಲಿನಲ್ಲೇ ಸಿಕ್ಕಿಕೊಳ್ಳುತ್ತದೆ. ಅದರ ಬದಲಿಗೆ ತಲೆ ತಾನಾಗಿ ಮೇಲೆ ಕೆಳಗೆ ಆಡುವುದನ್ನು ಕಲಿತುಬಿಡುತ್ತದೆ. ಬ್ಯಾಂಕಿನ ಕೌಂಟರಿನಲ್ಲಿ ಕೂತವರು ಏನೋ ಹೇಳುತ್ತಾರೆ, ತಲೆಯಾಡಿಸುತ್ತೇವೆ. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು "ನೋಡಿ, ಇಲ್ಲಿ ಕಾಣ್ತಾ ಇದೆಯಲ್ಲ" ಎನ್ನುತ್ತಾರೆ. ನಮಗೆ ಕಾಣುವುದು ಬರೀ ಮಂಜು, ಆದರೂ "ಹೌದು ಸಾರ್, ಚೆನ್ನಾಗಿ ಕಾಣ್ತಾ ಇದೆ" ಎನ್ನುತ್ತೇವೆ. ಹೀಗೆ ತಲೆಯಾಡಿಸಿ ನಾನು ಯಾರಿಗೂ ಕೇಡು ಮಾಡಿದವಳಲ್ಲ, ಹೋದ ವರ್ಷದ ತನಕ. ಹೋದ ವರ್ಷ ನನ್ನ ಸ್ವಂತ ತಂಗಿಯ ಹತ್ತನೇ ತರಗತಿಯ ವಿಜ್ಞಾನವನ್ನು ತಲೆಯಾಡಿಸಿಯೇ ಮುಳುಗಿಸುವುದರಲ್ಲಿದ್ದೆ. ಅದನ್ನು ಬರೆದಿಟ್ಟರೆ ಎದೆಯ ಭಾರ ಸ್ವಲ್ಪ ಇಳಿದೀತೆಂದು ಕೂತಿದ್ದೇನೆ. ಬರವಣಿಗೆಯಲ್ಲಿ ಪಳಗಿದವಳಲ್ಲ. ಓದಿದ್ದು ಒಂಬತ್ತನೇ ತರಗತಿ, ಅದೂ ಅರ್ಧ. ಆಮೇಲೆ ಏನಾದರೂ ಓದಿದ್ದರೆ ಅದು ಫ್ಯಾಕ್ಟರಿ ಬಸ್ಸಿನಲ್ಲಿ ಕೈಯಿಂದ ಕೈಗೆ ಬರುವ ಮುಖಪುಟ ಕಿತ್ತ ವಾರಪತ್ರಿಕೆಗಳನ್ನು.

ನಮ್ಮದು ಅರಿಶಿನಕುಂಟೆ. ಮನೆಯ ಮುಂದೆ ನಿಂತರೆ ಹೈವೇ ಲಾರಿಗಳ ಸದ್ದು ಕೇಳಿಸುತ್ತದೆ, ಹಿಂದೆ ನಿಂತರೆ ನಮ್ಮ ಎರಡು ಹಸುಗಳ ಸದ್ದು. ಅಪ್ಪ ಲಾರಿಯ ಮೇಲೆ ಹೋದರೆ ಹತ್ತು ದಿನಕ್ಕೊಮ್ಮೆ ಬಂದು, ಸ್ನಾನ ಮಾಡಿ, ಮಲಗಿ, ಎದ್ದು ಮತ್ತೆ ಹೋಗುತ್ತಾರೆ. ಅಮ್ಮ ಹಸು ನೋಡಿಕೊಂಡು ಡೈರಿಗೆ ಹಾಲು ಹಾಕುತ್ತಾಳೆ. ನಾನು ಮಂಜುಳ, ಸೋಂಪುರದ ಕಡೆ ಪ್ಲಾಸ್ಟಿಕ್ ಮುಚ್ಚಳ ಮಾಡುವ ಒಂದು ಫ್ಯಾಕ್ಟರಿಯಲ್ಲಿ ಚೆಕ್ಕಿಂಗ್ ಕೆಲಸದವಳು. ನನಗಿಂತ ಹದಿನಾಲ್ಕು ವರ್ಷ ಚಿಕ್ಕವಳು ನನ್ನ ತಂಗಿ ಚೈತ್ರ. ಅವಳು ಹುಟ್ಟಿದಾಗ ಅಮ್ಮನಿಗೆ ಮೈ ಸರಿಯಿರಲಿಲ್ಲ, ಹಸುವಿನ ಕೆಲಸ ಬೇರೆ, ಹಾಗಾಗಿ ಮಗುವನ್ನು ಎತ್ತಿಕೊಳ್ಳಲೆಂದು ನಾನು ಶಾಲೆ ಬಿಟ್ಟೆ ಎಂಬುದು ನಮ್ಮ ಮನೆಯಲ್ಲಿ ನಡೆದುಕೊಂಡು ಬಂದ ಕಥೆ. ಹಬ್ಬಕ್ಕೆ ಬಂದ ನೆಂಟರ ಮುಂದೆ ಅಮ್ಮ ಅದನ್ನು ಹೇಳುತ್ತಾಳೆ, ನೆಂಟರು ಲೊಚಗುಟ್ಟುತ್ತಾರೆ, ಚೈತ್ರ ತಲೆ ತಗ್ಗಿಸುತ್ತಾಳೆ, ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತೇನೆ.

ಅಷ್ಟು ಓದಿದ್ದಕ್ಕೇ ಮನೆಯಲ್ಲಿ ನಾನು ಪಂಡಿತೆ. ರೇಷನ್ ಕಾರ್ಡಿನ ಅರ್ಜಿ ತುಂಬುವವಳು ನಾನು, ಗ್ಯಾಸ್ ಬುಕ್ ಮಾಡುವವಳು ನಾನು, ಔಷಧಿಯ ಡಬ್ಬಿಯ ಮೇಲಿನ ತಾರೀಖು ನೋಡಿ "ಇದು ಕುಡೀಬೇಡ" ಎನ್ನುವವಳು ನಾನು. ಚೈತ್ರಳನ್ನು ಇಂಗ್ಲಿಷ್ ಮೀಡಿಯಂ ಶಾಲೆಗೆ ಹಾಕಿದ್ದೂ ನಾನೇ, ಹಠ ಹಿಡಿದು. "ನಮಗೆ ಗೊತ್ತಿಲ್ಲದ್ದನ್ನ ಮಗುಗೆ ಓದ್ಸಿದ್ರೆ ನಾಳೆ ಹೇಳ್ಕೊಡೋರ್ಯಾರೇ?" ಎಂದು ಅಮ್ಮ ಆಗಲೇ ಕೇಳಿದ್ದಳು. "ನಾನಿಲ್ವಾ?" ಎಂದಿದ್ದೆ. ನನಗೆ ಇಂಗ್ಲಿಷಿನ ಇಪ್ಪತ್ತಾರು ಅಕ್ಷರವೂ ಬರುತ್ತದೆ, ಒಂದೊಂದಾಗಿ. ಅವು ನಾಲ್ಕೈದು ಒಟ್ಟಿಗೆ ಬಂದರೂ ನಿಭಾಯಿಸುತ್ತೇನೆ. ಹತ್ತು ಹದಿನೈದು ಗುಂಪು ಕಟ್ಟಿಕೊಂಡು ಬಂದರೆ ಮಾತ್ರ ದಾರಿ ಬಿಟ್ಟು ಪಕ್ಕಕ್ಕೆ ನಿಲ್ಲುತ್ತೇನೆ.

ಚೈತ್ರಳ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವರು ಶೈಲಾ ಮಿಸ್. ದಸರಾ ರಜೆ ಮುಗಿದ ಮೇಲೆ ಅವರು ಹತ್ತನೆಯವರಿಗೆಲ್ಲ ಒಂದು ಹೊಸ ಪದ್ಧತಿ ತಂದರು. ದಿನಕ್ಕೆ ಎರಡು ಪ್ರಶ್ನೆಯ ಉತ್ತರವನ್ನು ಬಾಯಿಪಾಠ ಮಾಡಿ ಮನೆಯಲ್ಲಿ ದೊಡ್ಡವರ ಮುಂದೆ ಒಪ್ಪಿಸಬೇಕು. ದೊಡ್ಡವರು ಪುಸ್ತಕ ಹಿಡಿದುಕೊಂಡು, ಸಾಲು ಸಾಲು ಸರಿ ನೋಡಿ, ತಪ್ಪಿದ್ದರೆ ಮತ್ತೆ ಹೇಳಿಸಿ, ಸರಿಯಾದ ಮೇಲೆ ‘ಒಪ್ಪಿಸುವ ಪುಸ್ತಕ’ ಎಂಬ ನೋಟ್‌ಬುಕ್ಕಿನಲ್ಲಿ ಸಹಿ ಹಾಕಬೇಕು. ಸಹಿಯಿಲ್ಲದ ಮಕ್ಕಳು ಮರುದಿನ ಮಿಸ್ ಮುಂದೆ ನಿಂತು ಒಪ್ಪಿಸಬೇಕು. ಸಹಿಯಿದ್ದವರು ಕೂತುಕೊಳ್ಳಬಹುದು. ಬಹಳ ಒಳ್ಳೆಯ ಪದ್ಧತಿ. ಅದರಲ್ಲಿ ಇದ್ದ ಒಂದೇ ದೋಷವೆಂದರೆ ನಾನು.

ಮೊದಲ ದಿನ ಸಂಜೆ ಬಸ್ಸಿಳಿದು ಮನೆಗೆ ಬಂದರೆ ಚೈತ್ರ ಜಗುಲಿಯ ಮೇಲೆ ಚಾಪೆ ಹಾಸಿ, ಪುಸ್ತಕಕ್ಕೆ ಬೇರೆ ಬೈಂಡು ಹಾಕಿ, ನನಗಾಗಿ ಕಾದಿದ್ದಳು. "ಅಕ್ಕ, ಕೈಕಾಲು ತೊಳ್ಕೊಂಡು ಬಾ. ಇವತ್ತಿಂದ ನೀನೇ ನನ್ನ ಮಿಸ್ಸು" ಎಂದಳು. ಅವಳ ಮುಖದಲ್ಲಿ ಎಂಥ ನಂಬಿಕೆಯಿತ್ತೆಂದರೆ, ಆಗ "ನಂಗೆ ಬರಲ್ಲ ಕಣೆ" ಎನ್ನುವ ಬದಲು ಹಸುವಿನ ಹತ್ತಿರ ಒದೆಸಿಕೊಳ್ಳುವುದು ಸುಲಭವಾಗಿತ್ತು. ಕೂತೆ. ಪುಸ್ತಕ ಕೈಗೆ ಬಂತು. ಅಕ್ಷರಗಳು ನಮ್ಮ ಫ್ಯಾಕ್ಟರಿಯ ಗೇಟಿನಲ್ಲಿ ಶಿಫ್ಟು ಬದಲಾಗುವಾಗಿನ ಜನದ ಹಾಗೆ ಒತ್ತೊತ್ತಾಗಿ ನಿಂತಿದ್ದವು.

"ಕ್ವೆಶ್ಚನ್ ಕೇಳಕ್ಕ" ಎಂದಳು.

ಇದನ್ನು ನಾನು ಎಣಿಸಿಯೇ ಇರಲಿಲ್ಲ. ಉತ್ತರಕ್ಕೆ ತಲೆಯಾಡಿಸಬಹುದು, ಪ್ರಶ್ನೆಯನ್ನು ತಲೆಯಾಡಿಸಿ ಕೇಳುವುದು ಹೇಗೆ? ಆದರೆ ಕಷ್ಟ ಬಂದಾಗ ನನ್ನ ಬುದ್ಧಿ ಓಡುತ್ತದೆ, ಒಳ್ಳೆಯ ದಾರಿಯಲ್ಲಿ ಅಲ್ಲದಿದ್ದರೂ. "ಪ್ರಶ್ನೆನೂ ನೀನೇ ಹೇಳ್ಬೇಕು" ಎಂದೆ ಗಂಭೀರವಾಗಿ. "ಪರೀಕ್ಷೆಲಿ ನಿಂಗೇನು ಪಕ್ಕದಲ್ಲಿ ಕೂತ್ಕೊಂಡು ಯಾರಾದ್ರೂ ಓದ್ಹೇಳ್ತಾರಾ? ಪ್ರಶ್ನೆ ನೆನಪಿದ್ರೇನೇ ಉತ್ತರ ನೆನಪಿರೋದು."

ಚೈತ್ರ ಒಂದು ಗಳಿಗೆ ಯೋಚಿಸಿ, "ಕರೆಕ್ಟು ಅಕ್ಕ. ಇದು ಮಿಸ್ಸಿಗೂ ಹೊಳ್ದಿಲ್ಲ ನೋಡು" ಎಂದಳು. ನನಗೆ ನಾಚಿಕೆಯಾಗಬೇಕಿತ್ತು. ಆದದ್ದು ಹೆಮ್ಮೆ.

ಅಲ್ಲಿಂದ ಮುಂದಿನ ಎರಡೂವರೆ ತಿಂಗಳಲ್ಲಿ ನಾನು ಒಂದು ವಿದ್ಯೆಯನ್ನೇ ಕಂಡುಹಿಡಿದೆ. ಗೊತ್ತಿಲ್ಲದ ಭಾಷೆಯಲ್ಲಿ ಗೊತ್ತಿಲ್ಲದ ವಿಷಯವನ್ನು ತಿದ್ದುವ ವಿದ್ಯೆ. ಬೆರಳನ್ನು ಸಾಲಿನ ಮೇಲೆ ನಿಧಾನವಾಗಿ ಎಡದಿಂದ ಬಲಕ್ಕೆ ಸರಿಸುತ್ತಿರಬೇಕು. ಅವಳು ಉಸಿರು ತೆಗೆದುಕೊಂಡಾಗ ನಿಲ್ಲಿಸಿ ಪುಟವನ್ನು ಒಮ್ಮೆ ಒತ್ತಬೇಕು. ಉತ್ತರ ಪುಸ್ತಕದಲ್ಲಿ ಏಳು ಸಾಲು ಇದ್ದು ಅವಳು ಬೇಗ ಮುಗಿಸಿದರೆ "ಇನ್ನೂ ಇದೆ" ಎನ್ನಬೇಕು. ಇದು ಒಂದು ಸಲವೂ ಸುಳ್ಳಾಗಲಿಲ್ಲ. ಅವಳಿಗೆ ಪ್ರತಿ ಸಲವೂ ಇನ್ನೊಂದು ಸಾಲು ನೆನಪಾಗುತ್ತಿತ್ತು. ಅನುಮಾನ ಬಂದಾಗ ಅವಳು ಜಡೆಯ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾಳೆ. ಸುತ್ತಿಕೊಂಡ ಕೂಡಲೇ ನಾನು ಹುಬ್ಬು ಗಂಟಿಕ್ಕಿ "ಹ್ಞಂ?" ಎನ್ನುತ್ತಿದ್ದೆ. "ಅಯ್ಯೋ, ನಿಂಗೆ ಗೊತ್ತಾಗ್ಬಿಡ್ತಲ್ಲ ಅಕ್ಕ" ಎಂದು ಅವಳೇ ತಿದ್ದಿಕೊಳ್ಳುತ್ತಿದ್ದಳು. ಹೀಗೆ ಅವಳು ತಪ್ಪೆಂದು ಅನುಮಾನಪಟ್ಟದ್ದೆಲ್ಲ ಸರಿಹೋಯಿತು. ಸರಿಯೆಂದು ಧೈರ್ಯವಾಗಿ ಹೇಳಿದ ತಪ್ಪುಗಳು ಮಾತ್ರ ನನ್ನ ಬೆರಳಿನ ಕೆಳಗೆ ನುಸುಳಿಕೊಂಡು ಹೋದವು.

ಇನ್ನು ಸಹಿ. ಫ್ಯಾಕ್ಟರಿಯಲ್ಲಿ ಮುಚ್ಚಳದ ಪ್ರತಿ ಡಬ್ಬಕ್ಕೂ ನಾನು ‘ಚೆಕ್ಡ್ ಓಕೆ’ ಎಂದು ಬರೆದು, ಕೆಳಗೆ ಎಮ್ ಹಾಕಿ, ಅಡಿಗೆರೆ ಎಳೆಯುತ್ತೇನೆ. ನನಗೆ ತಡವರಿಸದೆ ಬರೆಯಲು ಬರುವ ಇಂಗ್ಲಿಷ್ ಅಷ್ಟೇ. ಒಪ್ಪಿಸುವ ಪುಸ್ತಕದಲ್ಲೂ ಅದನ್ನೇ ಬರೆದೆ. ಫ್ಯಾಕ್ಟರಿಯ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ, ಅಲ್ಲಿ ನಾನು ಕೆಲಸಗಳ್ಳಿಯಲ್ಲ. ಕೂದಲೆಳೆಯಷ್ಟು ಸೀಳು ಇದ್ದರೂ ಮುಚ್ಚಳ ನನ್ನ ಕೈ ದಾಟುವುದಿಲ್ಲ. "ಮಂಜುಳ ಇದಾರೆ ಅಂದ್ರೆ ಮುಚ್ಚಳಗಳೇ ಹೆದರ್ಕೋತವೆ" ಎಂದು ನಮ್ಮ ಸೂಪರ್‌ವೈಸರ್ ತಮಾಷೆ ಮಾಡುತ್ತಾರೆ. ಯಾರದೋ ಬಾಟಲಿಯ ಮುಚ್ಚಳಕ್ಕೆ ಅಷ್ಟು ನಿಯತ್ತು ತೋರಿಸಿದವಳು ತಂಗಿಯ ಉತ್ತರಕ್ಕೆ ಕಣ್ಣು ಮುಚ್ಚಿ ಓಕೆ ಹಾಕಿದೆ.

ಜನವರಿಯಲ್ಲಿ ಪೂರ್ವಸಿದ್ಧತಾ ಪರೀಕ್ಷೆ ನಡೆಯಿತು. ಒಂದು ವಾರದ ಮೇಲೆ ಚೈತ್ರ ಅಳುತ್ತಾ ಬರಲಿಲ್ಲ, ಕೆಂಡವಾಗಿ ಬಂದಳು. "ವಿಜ್ಞಾನಕ್ಕೆ ಎಂಬತ್ತಕ್ಕೆ ಇಪ್ಪತ್ತೊಂದು ಹಾಕಿದಾರೆ. ಮಿಸ್ಸೇ ತಪ್ಪು ತಿದ್ದಿದಾರೆ. ಜಗಳ ಆಡ್ಕೊಂಡು ಬಂದಿದೀನಿ. ನಾಳೆ ನಿನ್ನ ಕರ್ಕೊಂಡು ಬಾ ಅಂದ್ರು" ಎಂದಳು. ನಾನು ಕಾಫಿ ಲೋಟ ಕೆಳಗಿಟ್ಟೆ. ಚೈತ್ರಳಿಗೆ ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಂಡು, ಆಮೇಲೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡಬೇಕೆಂದು ಏಳನೇ ಕ್ಲಾಸಿನಿಂದ ಆಸೆ. ಒಮ್ಮೆ ಅಮ್ಮನ ರಕ್ತ ಪರೀಕ್ಷೆಗೆ ಹೋದಾಗ ಬಿಳಿ ಕೋಟಿನ ಹುಡುಗಿಯೊಬ್ಬಳು ಸೂಕ್ಷ್ಮದರ್ಶಕದೊಳಗೆ ಇವಳಿಗೂ ಇಣುಕಲು ಬಿಟ್ಟಿದ್ದಳು, ಆವತ್ತಿನಿಂದ. ಮುಖ್ಯ ಪರೀಕ್ಷೆಗೆ ಎರಡು ತಿಂಗಳಿತ್ತು. ಇಪ್ಪತ್ತೊಂದಕ್ಕೆ ಯಾವ ಕಾಲೇಜಿನವರೂ ಸೈನ್ಸ್ ಕೊಡುವುದಿಲ್ಲ, ಹತ್ತನೆಯದು ಪಾಸೂ ಆಗುವುದಿಲ್ಲ.

ಮರುದಿನ ಅರ್ಧ ದಿನ ರಜೆ ಹಾಕಿ ಹೋದೆ. ಶೈಲಾ ಮಿಸ್ ಒಪ್ಪಿಸುವ ಪುಸ್ತಕವನ್ನೂ ಚೈತ್ರಳ ಉತ್ತರಪತ್ರಿಕೆಯನ್ನೂ ಬಿಡಿಸಿಟ್ಟುಕೊಂಡು ಕೂತಿದ್ದರು. "ಈ ಚೆಕ್ಡ್ ಓಕೆ ಯಾರು?" ಎಂದರು.

"ನಾನೇ ಮಿಸ್."

"ನೋಡಮ್ಮ ಇಲ್ಲಿ. ಹೃದಯದಿಂದ ರಕ್ತ ಆಚೆ ತಗೊಂಡು ಹೋಗೋದು ವೇನ್ ಅಂತ ಬರ್ದಿದಾಳೆ. ಆಕ್ಸಿಡೇಷನ್ ಅಂದ್ರೆ ಆಕ್ಸಿಜನ್ ಕಳ್ಕೊಳ್ಳೋದಂತೆ. ಕಾನ್ಕೇವು, ಕಾನ್ವೆಕ್ಸು ಪೂರ್ತಿ ಅದಲುಬದಲು. ಜೋಡಿ ಇರೋದೆಲ್ಲ ಉಲ್ಟಾ. ಬರೀ ತಪ್ಪಾಗಿದ್ರೆ ನಾನು ಸುಮ್ನಿರ್ತಿದ್ದೆ. ಇವಳು ಇಡೀ ಕ್ಲಾಸ್ ಮುಂದೆ ನಿಂತ್ಕೊಂಡು ನಂಗೇ ಹೇಳ್ತಾಳೆ, ‘ನಮ್ಮಕ್ಕ ಬುಕ್ ಹಿಡ್ಕೊಂಡು ಲೈನ್ ಲೈನ್ ನೋಡಿದಾಳೆ ಮಿಸ್, ತಪ್ಪಿರೋ ಚಾನ್ಸೇ ಇಲ್ಲ’ ಅಂತ!"

ಚೈತ್ರ ನನ್ನ ಪಕ್ಕದಲ್ಲಿ ಎದೆಯುಬ್ಬಿಸಿ ನಿಂತಿದ್ದಳು, ವಕೀಲರನ್ನು ಕರೆತಂದ ಕಕ್ಷಿದಾರಳ ಹಾಗೆ. "ಹೇಳಕ್ಕ" ಎಂದು ಮೆಲ್ಲಗೆ ತಿವಿದಳು. ನಾನು ಅವಳ ಮುಖ ನೋಡಿದೆ, ಮಿಸ್ ಮುಖ ನೋಡಿದೆ, ಗೋಡೆಯ ಮೇಲಿದ್ದ ಹೃದಯದ ಪಟ ನೋಡಿದೆ. ಅದರಲ್ಲೂ ಒಂದು ಕೊಳವೆ ಕೆಂಪು, ಒಂದು ನೀಲಿ, ಯಾವುದು ಯಾವುದೋ. ಸತ್ಯ ಹೇಳಲು ಬಾಯಿ ತೆರೆದೆ. ಬಂದದ್ದು ಬೇರೆ.

"ನಂಗೆ ಇತ್ತೀಚೆಗೆ ಕಣ್ಣು ಸರಿಯಾಗಿ ಕಾಣ್ಸಲ್ಲ ಮಿಸ್. ಸಣ್ಣ ಅಕ್ಷರ ಎಲ್ಲ ಮಸುಕು ಮಸುಕು."

ಮಿಸ್ ಮುಖ ಮೆತ್ತಗಾಯಿತು. "ಅಯ್ಯೋ ಪಾಪ. ಇಡೀ ದಿನ ಲೈಟ್ ಕೆಳಗೆ ಮುಚ್ಚಳ ನೋಡ್ತೀರಂತಲ್ಲ. ಮೊದ್ಲು ಹೋಗಿ ಕನ್ನಡಕ ಮಾಡಿಸ್ಕೊಳ್ಳಿ ತಾಯಿ" ಎಂದರು. ಚೈತ್ರಳ ಕಣ್ಣಲ್ಲಿ ಆಗ ನೀರು ಬಂತು. ತನಗೆ ಬಂದ ಇಪ್ಪತ್ತೊಂದಕ್ಕಲ್ಲ. ಕಣ್ಣು ಕಾಣದ ಅಕ್ಕನನ್ನು ಎರಡೂವರೆ ತಿಂಗಳು ದುಡಿಸಿದೆನಲ್ಲ ಎಂದು.

ಸಂಜೆ ಈ ಸುದ್ದಿ ಕೇಳಿದ ಅಮ್ಮನಿಗೆ ಮರುಕವೇನೂ ಹುಟ್ಟಲಿಲ್ಲ. "ಅಕ್ಕಿಲಿ ಕಲ್ಲು ಆರಿಸ್ತಾಳೆ, ನಿನ್ ತಲೆಲಿ ಹೇನು ಹಿಡೀತಾಳೆ, ರಸ್ತೆ ಆಚೆ ಯಾರ ಮನೆ ದೋಸೆ ಸೀಯ್ತು ಅಂತ ಇಲ್ಲಿಂದ ನೋಡಿ ಹೇಳ್ತಾಳೆ. ಇವಳಿಗೆ ಕಣ್ ಕಾಣಲ್ವಂತಾ?" ಎಂದಳು.

"ಅಮ್ಮ, ಅದು ದೂರದ್ದು ಕಾಣೋದು, ಹತ್ತಿರದ್ದು ಕಾಣದೆ ಇರೋದು. ಬೇರೆ ಬೇರೆ. ನಮಗೆ ಪಾಠ ಇದೆ" ಎಂದು ಚೈತ್ರ ಸ್ಕೇಲು ತಂದಳು. ಪುಸ್ತಕವನ್ನು ನನ್ನ ಮೂಗಿನಿಂದ ಇಪ್ಪತ್ತೈದು ಸೆಂಟಿಮೀಟರಿಗೆ ಅಳೆದು ಹಿಡಿದಳು. "ಕಾಣ್ಸುತ್ತಾ?" ನನಗೆ ಪುಟದ ಮೂಲೆಯಲ್ಲಿದ್ದ ಇರುವೆಯ ಮೀಸೆ ಕೂಡ ಕಾಣಿಸುತ್ತಿತ್ತು. "ಮಸುಕು" ಎಂದೆ. "ಹಾಗಾದ್ರೆ ಹೈಪರ್‌ಮೆಟ್ರೋಪಿಯಾ. ಕಾನ್ಕೇವ್ ಲೆನ್ಸ್ ಹಾಕಿಸ್ಬೇಕು. ಸರೀನಾ ಅಕ್ಕ?" ಅಭ್ಯಾಸಬಲ. "ಸರಿ" ಎಂದೆ.

ಭಾನುವಾರ ನೆಲಮಂಗಲದ ಒಂದು ಕನ್ನಡಕದ ಅಂಗಡಿಗೆ ಅವಳೇ ನನ್ನ ಕೈ ಹಿಡಿದು ಕರೆದುಕೊಂಡು ಹೋದಳು. ರಸ್ತೆ ದಾಟುವಾಗ "ಹುಷಾರು, ಇಲ್ಲಿ ಮೆಟ್ಲಿದೆ" ಎನ್ನುತ್ತಿದ್ದಳು. ಅಂಗಡಿಯಲ್ಲಿ ಕಣ್ಣು ನೋಡುವವರು ವಯಸ್ಸಾದ, ಸಮಾಧಾನದ ಮನುಷ್ಯ. ಚೈತ್ರ ನನಗೆ ಬಾಯಿ ಬಿಡಲು ಕೊಡದೆ, "ಅಂಕಲ್, ನಮ್ಮಕ್ಕಂಗೆ ಹೈಪರ್‌ಮೆಟ್ರೋಪಿಯಾ. ಕಾನ್ಕೇವ್ ಲೆನ್ಸ್ ಕೊಡಿ" ಎಂದಳು.

"ಕಾನ್ಕೇವ್ ಹಾಕಿದ್ರೆ ನಿಮ್ಮಕ್ಕ ಕೈಲಿರೋ ಪುಸ್ತಕಾನೇ ಹುಡುಕ್ಬೇಕಾಗುತ್ತೆ. ಅದಕ್ಕೆ ಕಾನ್ವೆಕ್ಸ್ ಅಲ್ವೇನಮ್ಮಾ?"

"ಇಲ್ಲ ಅಂಕಲ್, ಕಾನ್ಕೇವೇ. ನಮ್ಮಕ್ಕ ಚೆಕ್ ಮಾಡಿದಾಳೆ."

ಅವರು ನನ್ನನ್ನೊಮ್ಮೆ ನೋಡಿದರು. ಕುರ್ಚಿಯ ಮೇಲೆ ಕೂರಿಸಿ, ದೂರದ ಹಲಗೆ ತೋರಿಸಿದರು. ಬಿಡಿ ಅಕ್ಷರಗಳು, ನನಗೆ ಕಷ್ಟವೇನು. ಕೊನೆಯ ಸಾಲಿನವರೆಗೂ ಹೇಳಿಬಿಟ್ಟೆ. ಆಮೇಲೆ ಕೈಗೊಂದು ರಟ್ಟು ಕೊಟ್ಟರು. ಒಂದು ಬದಿ ಕನ್ನಡ, ಇನ್ನೊಂದು ಬದಿ ಇಂಗ್ಲಿಷ್. ದೊಡ್ಡ ಅಕ್ಷರದಲ್ಲಿ ಶುರುವಾಗಿ ಕೆಳಕೆಳಗೆ ಸಾಸಿವೆಯಷ್ಟಾಗುವ ಸಾಲುಗಳು. ಓದಿ ಎಂದರು. ಅಲ್ಲಿ ತಡವರಿಸಬೇಕೆಂದು ನಾನು ದಾರಿಯುದ್ದಕ್ಕೂ ತೀರ್ಮಾನ ಮಾಡಿಕೊಂಡು ಬಂದಿದ್ದೆ. ಆದರೆ ಕನ್ನಡ ಕಣ್ಣಿಗೆ ಬಿದ್ದರೆ ಓದದೆ ಇರುವುದು ನನ್ನ ಕೈಯಲ್ಲಾಗುವುದಿಲ್ಲ. ಕಡಲೆಕಾಯಿ ಪೊಟ್ಟಣದ ಕಾಗದವನ್ನೂ ಬಿಟ್ಟವಳಲ್ಲ. ಗಡಗಡನೆ ಕೊನೆಯ ಸಾಸಿವೆ ಸಾಲಿನವರೆಗೂ ಓದಿ, ಓದಿಯಾದ ಮೇಲೆ ನಾಲಿಗೆ ಕಚ್ಚಿಕೊಂಡೆ.

"ಕಣ್ಣು ವಜ್ರದ ಥರ ಇದೆಯಲ್ಲಮ್ಮ" ಎಂದರು ಅವರು.

ಚೈತ್ರಳ ಹುಬ್ಬು ಗಂಟಾಯಿತು. ರಟ್ಟನ್ನು ನನ್ನ ಕೈಯಿಂದ ತೆಗೆದುಕೊಂಡು, ಮಗುಚಿ, ಮತ್ತೆ ನನ್ನ ಕೈಗಿಟ್ಟಳು. "ಈ ಕಡೆ ಓದು ಅಕ್ಕ."

ಮೇಲಿನ ಸಾಲು ಅಂಗೈಯಗಲದ ಅಕ್ಷರದಲ್ಲಿತ್ತು. ಕುರುಡರಿಗೂ ಕಾಣುವಂತಿತ್ತು. ನಾನು ಮೊದಲ ಪದದ ಅಕ್ಷರಗಳನ್ನು ಒಂದೊಂದಾಗಿ ಮನಸ್ಸಿನಲ್ಲೇ ಜೋಡಿಸಿದೆ, ಜೋಡಿಸುವಷ್ಟರಲ್ಲಿ ಮೊದಲಿನವು ಬಿಚ್ಚಿಕೊಂಡವು. ಅಂಗಡಿಯ ಫ್ಯಾನು ತಿರುಗುತ್ತಿತ್ತು. ನನ್ನ ಬೆರಳು ತಾನಾಗಿ ಎಡದಿಂದ ಬಲಕ್ಕೆ ನಿಧಾನವಾಗಿ ಸರಿಯತೊಡಗಿತು. ಚೈತ್ರ ಆ ಬೆರಳನ್ನೇ ನೋಡಿದಳು. ಎರಡೂವರೆ ತಿಂಗಳು ಎದುರಿಗೆ ಕೂತು ನೋಡಿದ ಬೆರಳು. ಅವಳಿಗೆ ಅರ್ಥವಾಗುತ್ತಾ ಬಂದದ್ದು ನನಗೆ ಕಾಣಿಸಿತು.

"ನಿಮಗೆ ಬೇಕಾಗಿರೋದು ನನ್ನ ಅಂಗಡಿಲಿ ಇಲ್ಲ ತಾಯಿ" ಎಂದು ಆ ಮನುಷ್ಯ ರಟ್ಟನ್ನು ವಾಪಸು ಇಸಿದುಕೊಂಡರು.

ಹೊರಗೆ ಬಂದವಳೇ ಚೈತ್ರ ಶೇರ್ ಆಟೋ ಹತ್ತಲಿಲ್ಲ. ಸರ್ವೀಸ್ ರಸ್ತೆ ಹಿಡಿದು ನಡೆದೇ ಹೊರಟಳು. ಈ ಸಲ ಮೆಟ್ಟಿಲಿದೆ, ಗುಂಡಿಯಿದೆ ಎಂದು ಯಾರೂ ಹೇಳಲಿಲ್ಲ. ಹತ್ತು ಹೆಜ್ಜೆ ಹಿಂದೆ ನಾನು. ಲಾರಿಗಳ ಸದ್ದಿಗೆ ಮೆಲ್ಲಗೆ ಮಾತನಾಡುವಂತೆಯೂ ಇರಲಿಲ್ಲ. ನನ್ನ ತಪ್ಪೊಪ್ಪಿಗೆ ನಡೆದದ್ದೆಲ್ಲ ಕೂಗಾಟದಲ್ಲಿ.

"ಯಾವಾಗಿಂದ?" ಎಂದು ತಿರುಗದೆಯೇ ಕೂಗಿದಳು.

"ಮೊದ್ಲಿಂದ!"

"ಒಂದು ಪದಾನೂ ಗೊತ್ತಾಗ್ತಿರ್ಲಿಲ್ವಾ?"

"ಆಕ್ಸಿಜನ್ ಗೊತ್ತಾಗ್ತಿತ್ತು!"

"ಗೋಡೆ ಮುಂದೆ ಒಪ್ಪಿಸಿದ್ರೆ ಆಗ್ತಿತ್ತು! ಗೋಡೆ ಸಹಿನಾದ್ರೂ ಹಾಕ್ತಿರ್ಲಿಲ್ಲ!"

ಟೀ ಅಂಗಡಿಯ ಮುಂದೆ ನಿಂತಿದ್ದ ನಾಲ್ಕು ಜನ ಲೋಟ ಹಿಡಿದೇ ನಮ್ಮ ಕಡೆ ತಿರುಗಿದರು. ಚೈತ್ರ ನಿಂತುಬಿಟ್ಟಳು. ಅಲ್ಲಿಯವರೆಗೆ ಇದ್ದ ಸಿಟ್ಟು ಒಡೆದು ಅಳುವಾಯಿತು. "ಬೇರೆ ಯಾರಾದ್ರೂ ಆಗಿದ್ರೆ ಬಾಯಿಗೆ ಬಂದಂಗೆ ಬೈತಿದ್ದೆ. ನಿನ್ನ ಬಯ್ಯೋಕೂ ಆಗಲ್ಲ ನಂಗೆ. ನನ್ನ ಎತ್ಕೊಳ್ಳೋಕೆ ತಾನೆ ನೀನು ಸ್ಕೂಲ್ ಬಿಟ್ಟಿದ್ದು? ಬಿಡದೆ ಇದ್ದಿದ್ರೆ ನಿಂಗೂ ಬರ್ತಿತ್ತು" ಎಂದಳು.

ಇಲ್ಲಿ ನಾನು ಸುಮ್ಮನಿದ್ದಿದ್ದರೆ ಗೆದ್ದುಬಿಡುತ್ತಿದ್ದೆ. ಅವಳು ಕಣ್ಣೊರೆಸಿಕೊಂಡು ಅಕ್ಕನನ್ನು ಕ್ಷಮಿಸುತ್ತಿದ್ದಳು, ನಾವಿಬ್ಬರೂ ಆಟೋ ಹತ್ತುತ್ತಿದ್ದೆವು. ಹದಿನೈದು ವರ್ಷ ಹಾಗೆಯೇ ಕ್ಯಾಲೆಂಡರ್ ನೋಡುತ್ತಾ ದಾಟಿಸಿದ್ದೆನಲ್ಲ. ಆದರೆ ಒಂದೇ ದಿನದಲ್ಲಿ ಎರಡು ಸುಳ್ಳಿನ ಮೇಲೆ ನಿಲ್ಲುವ ಶಕ್ತಿ ನನ್ನ ಕಾಲಿಗಿರಲಿಲ್ಲ.

"ಬಯ್ಯಿ ಕಣೆ, ಚೆನ್ನಾಗಿ ಬಯ್ಯಿ" ಎಂದೆ. "ನಾನು ಸ್ಕೂಲ್ ಬಿಟ್ಟಿದ್ದು ನಿಂಗೋಸ್ಕರ ಅಲ್ಲ. ಅಮ್ಮ ಒಂದು ತಿಂಗಳು ಮನೇಲಿರು ಅಂದ್ಳು ಅಷ್ಟೆ. ಆಮೇಲೆ ನಾನೇ ಹೋಗ್ಲಿಲ್ಲ. ಅರ್ಧ ವರ್ಷದ ಪರೀಕ್ಷೆಲಿ ವಿಜ್ಞಾನಕ್ಕೆ ಏಳು ಬಂದಿತ್ತು. ಪೇಪರ್ ತೋರ್ಸೋಕೆ ಹೆದ್ರಿ, ಮಗು ಅಳುತ್ತೆ ಅಂತ ನೆಪ ಹೇಳ್ದೆ. ನೀನು ಅಳ್ತಾನೂ ಇರ್ಲಿಲ್ಲ. ನಾನೇ ಚಿವುಟ್ತಿದ್ದೆ."

ಚೈತ್ರಳ ಅಳು ನಿಂತಿತು. "ಏಳಾ?"

"ಏಳು."

"ಎಷ್ಟಕ್ಕೆ?"

"ನೂರಕ್ಕೆ."

ಅವಳು ಮೂಗೊರೆಸಿಕೊಂಡಳು. ತುಟಿಯ ಒಂದು ಮೂಲೆ ಮೊದಲು ನಕ್ಕಿತು, ಆಮೇಲೆ ಇನ್ನೊಂದು. "ಹಾಗಾದ್ರೆ ನನ್ನ ಇಪ್ಪತ್ತೊಂದೇ ವಾಸಿ" ಎಂದವಳೇ ಬೈಗುಳ ಶುರುಮಾಡಿದಳು. ಹದಿನೈದು ವರ್ಷ ಋಣದ ಭಾರ ಹೊತ್ತು ಬಾಯಿ ಮುಚ್ಚಿಕೊಂಡಿದ್ದವಳಿಗೆ ಇದ್ದಕ್ಕಿದ್ದಂತೆ ಪರವಾನಗಿ ಸಿಕ್ಕಂತಾಗಿತ್ತು. ಹೋದ ಯುಗಾದಿಗೆ ನಾನು ಅವಳ ಹೊಸ ಚೂಡಿದಾರ ಹಾಕಿಕೊಂಡದ್ದರಿಂದ ಹಿಡಿದು ಚಿವುಟಿದ್ದರವರೆಗೆ, ಅರಿಶಿನಕುಂಟೆಯ ತಿರುವು ಬರುವ ತನಕ ಒಂದೂ ಬಿಡದೆ ಬೈದಳು. ಅಷ್ಟು ಹಿತವಾಗಿ ನನ್ನನ್ನು ಯಾರೂ ಬೈದಿಲ್ಲ.

ದಾರಿ ಕಂಡುಹಿಡಿದವಳೂ ಅವಳೇ. ಮರುದಿನ ಪಕ್ಕದ ಮನೆಯ ರತ್ನಕ್ಕನ ಮಗಳ ಹಳೆಯ ಕನ್ನಡ ಮೀಡಿಯಂ ವಿಜ್ಞಾನದ ಪುಸ್ತಕ ತಂದಳು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಅದೇ ಪಾಠ, ಅದೇ ಚಿತ್ರ, ಅದೇ ಪ್ರಶ್ನೆ. ಭಾಷೆ ಮಾತ್ರ ಬೇರೆ. ಚೈತ್ರ ಮೊದಲು ಇಂಗ್ಲಿಷಿನಲ್ಲಿ ಹೇಳಬೇಕು, ಆಮೇಲೆ ಅದನ್ನೇ ತನ್ನ ಮಾತಿನಲ್ಲಿ ಕನ್ನಡದಲ್ಲಿ ನನಗೆ ತಿಳಿಯುವಂತೆ ಹೇಳಬೇಕು, ನಾನು ಕನ್ನಡ ಪುಸ್ತಕದಲ್ಲಿ ಸರಿ ನೋಡಬೇಕು ಎಂದಾಯಿತು. ಮೊದಲ ದಿನ ಆ ಕನ್ನಡ ನೋಡಿ ನಾನು ಪುಸ್ತಕ ಮುಚ್ಚಿ, ಮತ್ತೆ ತೆರೆದೆ. ಅಪಧಮನಿ, ಅಭಿಧಮನಿ, ಉತ್ಕರ್ಷಣ, ಅಪಕರ್ಷಣ. ಮದುವೆಗೆ ಬಂದ ಅವಳಿಜವಳಿ ಮಕ್ಕಳ ಹಾಗೆ ಎಲ್ಲ ಒಂದೇ ಥರದ ಬಟ್ಟೆ ಹಾಕಿಕೊಂಡು ನಿಂತಿದ್ದವು. ಇವಳು ಅದಲುಬದಲು ಮಾಡಿದ್ದರಲ್ಲಿ ಆಶ್ಚರ್ಯವೇನು ಅನ್ನಿಸಿತು.

ಆದರೆ ಅರ್ಥವಾಗದೆ ಓಕೆ ಹಾಕಬಾರದೆಂದು ಚೈತ್ರ ನನ್ನಿಂದ ಹಸುವಿನ ಮೇಲೆ ಆಣೆ ಹಾಕಿಸಿದ್ದಳು. ಹಾಗಾಗಿ ಅರ್ಥ ಮಾಡಿಕೊಳ್ಳಲೇಬೇಕಾಯಿತು. ನನಗೆ ತಿಳಿದದ್ದು ಫ್ಯಾಕ್ಟರಿ, ಅಡುಗೆಮನೆ, ಎರಡೇ. ಅಪಧಮನಿ ಎಂದರೆ ಡಿಸ್ಪ್ಯಾಚ್, ಗೇಟಿನಿಂದ ಆಚೆ ಹೋಗುವ ಮಾಲು. ಅಭಿಧಮನಿ ಎಂದರೆ ವಾಪಸು ಬರುವ ಖಾಲಿ ಕ್ರೇಟು. ಪೀನ ಮಸೂರ ಉಬ್ಬಿದ ಪೂರಿ, ನಿಮ್ನ ಎಂದರೆ ನಡುವೆ ತಗ್ಗಾದ ಉದ್ದಿನ ವಡೆ. "ಹಾಗಾದ್ರೆ ಶ್ವಾಸಕೋಶಕ್ಕೆ ಹೋಗೋ ಡಿಸ್ಪ್ಯಾಚಲ್ಲಿ ಯಾಕೆ ಕೆಟ್ಟ ರಕ್ತ ಇದೆ?" ಎಂದು ನಾನು ಒಂದು ದಿನ ಪುಸ್ತಕದ ಚಿತ್ರ ತೋರಿಸಿ ಕೇಳಿದೆ. ಚೈತ್ರ ಜಡೆ ಸುತ್ತಿಕೊಂಡು, ಯೋಚಿಸಿ, "ಅದು ಸರ್ವೀಸಿಂಗಿಗೆ ಹೋಗೋ ಗಾಡಿ ಅಕ್ಕ. ಆಕ್ಸಿಜನ್ ತುಂಬಿಸ್ಕೊಂಡು ಬರುತ್ತೆ" ಎಂದಳು. ಹಾಲು ಕರೆಯುತ್ತಿದ್ದ ಅಮ್ಮ ಅಲ್ಲಿಂದಲೇ "ಈಗ ನಂಗೂ ಗೊತ್ತಾಯ್ತು" ಎಂದು ಕೂಗಿದಳು. ನನ್ನ ಪ್ರಶ್ನೆಗಳು ಎಷ್ಟಾದವೆಂದರೆ, ಒಂದೊಂದು ದಿನ ಎರಡು ಉತ್ತರ ಒಪ್ಪಿಸಲು ಎರಡು ಗಂಟೆ ಹಿಡಿಯುತ್ತಿತ್ತು. "ನೀನು ಮೊದಲಿನ ಥರಾನೇ ಚೆನ್ನಾಗಿದ್ದೆ ಕಣಕ್ಕ" ಎಂದು ಅವಳು ಗೊಣಗುತ್ತಿದ್ದಳು. ಶೈಲಾ ಮಿಸ್ಸಿಗೆ ನಾನೇ ಹೋಗಿ ವಿಷಯ ಹೇಳಿದೆ. ಅವರು ಸಿಟ್ಟಾಗಲಿಲ್ಲ, ಬಹಳ ಹೊತ್ತು ನಕ್ಕರು. ನಕ್ಕಿದ್ದು ಇನ್ನೂ ಕಷ್ಟವಾಯಿತು.

ವಿಜ್ಞಾನದ ಪರೀಕ್ಷೆಯ ದಿನ ರಜೆ ಹಾಕಿ ಕೇಂದ್ರದ ಗೇಟಿನ ಹೊರಗೆ ನಿಂತೆ. ಬೇರೆ ಅಪ್ಪ ಅಮ್ಮಂದಿರು ನೀರಿನ ಬಾಟಲಿ ಹಿಡಿದಿದ್ದರು, ನಾನು ಕನ್ನಡ ಪುಸ್ತಕ ಹಿಡಿದಿದ್ದೆ. ಚೈತ್ರ ಹೊರಗೆ ಬಂದವಳೇ ಒಂದೊಂದಾಗಿ ಉತ್ತರ ಹೇಳತೊಡಗಿದಳು. ಕಾಂಪೌಂಡಿನ ಮೇಲೆ ಪುಸ್ತಕವಿಟ್ಟು ನಾನು ಸರಿ ನೋಡಿದೆ. ಸುತ್ತ ಏಳೆಂಟು ಮಕ್ಕಳು ಸೇರಿಕೊಂಡು, "ಆಂಟಿ, ನಂದೂ ನೋಡಿ, ಇದು ಸರಿನಾ?" ಎನ್ನತೊಡಗಿದರು. ಅವರಲ್ಲೊಬ್ಬಳು ನನ್ನನ್ನು ಮೇಡಂ ಎಂದಳು. ನಾನು ತಿದ್ದಲಿಲ್ಲ. ಅದೂ ಒಂದು ತಪ್ಪೇ, ಇಲ್ಲಿ ಸೇರಿಸಿಬಿಡುತ್ತೇನೆ.

ಫಲಿತಾಂಶ ಬಂದಾಗ ವಿಜ್ಞಾನಕ್ಕೆ ಎಂಬತ್ತಕ್ಕೆ ಐವತ್ನಾಲ್ಕು. ಪಿಯುಸಿ ಸೈನ್ಸ್ ಸಿಕ್ಕಿತು. ಮನೆಯಲ್ಲಿ ಒಬ್ಬಟ್ಟು ಮಾಡಿದೆವು, ಅಪ್ಪ ಲಾರಿ ನಿಲ್ಲಿಸಿ ಬಂದು ಎರಡು ತಿಂದು ಹೋದರು. ಎಲ್ಲರೂ ಐವತ್ನಾಲ್ಕರ ಬಗ್ಗೆ ಮಾತಾಡಿದರು. ನಾನು ಮಾತ್ರ ಇಂದಿಗೂ ಉಳಿದ ಇಪ್ಪತ್ತಾರರ ಬಗ್ಗೆ ಯೋಚಿಸುತ್ತೇನೆ. ಅದರಲ್ಲಿ ಅವಳ ಪಾಲು ಎಷ್ಟು, ನನ್ನ ಸಹಿಯ ಪಾಲು ಎಷ್ಟು?

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಚೈತ್ರ ಬಿಡಬೇಕಲ್ಲ. ಇಷ್ಟೆಲ್ಲ ಕಲಿತ ಮೇಲೆ ನಾನೂ ಖಾಸಗಿಯಾಗಿ ಹತ್ತನೇ ತರಗತಿಯ ಪರೀಕ್ಷೆಗೆ ಕಟ್ಟಲೇಬೇಕೆಂದು ಹಠ ಹಿಡಿದಳು. ಮಿಸ್ ಅವಳ ಕಡೆ, ಅಮ್ಮ ಅವಳ ಕಡೆ. ಕಟ್ಟಿದೆ. ಈಗ ಸಂಜೆ ನಾನು ಬಸ್ಸಿಳಿದು ಕೈಕಾಲು ತೊಳೆದು ಜಗುಲಿಯ ಮೇಲೆ ಕೂತು ಒಪ್ಪಿಸುತ್ತೇನೆ, ಅವಳು ಕನ್ನಡ ಪುಸ್ತಕ ಹಿಡಿದುಕೊಂಡು ಕೇಳುತ್ತಾಳೆ. ಪಾಪ, ಅವಳಿಗೂ ಕಾಲೇಜಿನ ಓದು ಬೆಟ್ಟದಷ್ಟಿದೆ. ತೊಡೆಯ ಮೇಲೆ ತನ್ನದೊಂದು ದಪ್ಪ ಪುಸ್ತಕ ಬಿಡಿಸಿಟ್ಟುಕೊಂಡಿರುತ್ತಾಳೆ. ಮೊನ್ನೆ ಆಮ್ಲ, ಪ್ರತ್ಯಾಮ್ಲದ ಪಾಠ ಒಪ್ಪಿಸುತ್ತಿದ್ದೆ. "ಆಮ್ಲಗಳು ಕೆಂಪು ಲಿಟ್ಮಸ್ ಕಾಗದವನ್ನು ನೀಲಿಗೆ ತಿರುಗಿಸುತ್ತವೆ" ಎಂದೆ. ಹೇಳಿದ ಮರುಕ್ಷಣವೇ ತಲೆಕೆಳಗಾಗಿ ಹೇಳಿದೆನೆಂದು ನನಗೇ ಹೊಳೆಯಿತು. ಬೈಗುಳಕ್ಕೆ ಸಿದ್ಧಳಾಗಿ ಅವಳನ್ನು ನೋಡಿದೆ. ಅವಳ ಬೆರಳು ನನ್ನ ಪುಸ್ತಕದ ಸಾಲಿನ ಮೇಲೆ ಎಡದಿಂದ ಬಲಕ್ಕೆ ಹೋಗುತ್ತಿತ್ತು. ಕಣ್ಣು ತೊಡೆಯ ಮೇಲಿನ ಪುಸ್ತಕದಲ್ಲಿತ್ತು.

"ಸರಿ ಅಕ್ಕ" ಎಂದಳು.

ನಾನು ತಡೆದು ಹೇಳಬೇಕಿತ್ತು. ಆದರೆ ಯಾವ ಬಾಯಲ್ಲಿ ಹೇಳಲಿ? ಅದೂ ಅಲ್ಲದೆ, ನಿಜ ಹೇಳುತ್ತೇನೆ, ಇಡೀ ದಿನ ನಿಂತು ಕೆಲಸ ಮಾಡಿ ಬಂದವಳ ಕಿವಿಗೆ ಆ ‘ಸರಿ’ ಎಷ್ಟು ತಂಪಾಗಿ ಬಿತ್ತೆಂದರೆ, ಗಂಟಲು ಸರಿಮಾಡಿಕೊಂಡು, ಇನ್ನೂ ಸ್ವಲ್ಪ ಗಟ್ಟಿಯಾದ ದನಿಯಲ್ಲಿ, ಮುಂದಿನ ಪ್ರಶ್ನೆಗೆ ಹೋದೆ.